ಊಟಕ್ಕೆ ಲೆಕ್ಕವಿಲ್ಲದ ಲೋಟ

ನನ್ನ ಲಿವರಿನಲ್ಲಿ ಕೊಬ್ಬು ಸೇರಿಕೊಂಡಿದೆ ಎಂದು ಸ್ಕ್ಯಾನಿಂಗ್ ರಿಪೋರ್ಟು ಹೇಳಿತು. ಅದನ್ನು ನೋಡಿದ ಜಯನಗರದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಡ್ರಿಂಕ್ಸ್ ತಗೋತೀರಾ?" ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಕುರ್ಚಿಯಿಂದ ಅಮ್ಮನ ಉತ್ತರ ಬಂತು. "ಇವ್ನೂ ಇಲ್ಲ, ನಮ್ಮ ಯಜಮಾನ್ರೂ ಅದನ್ನ ಮುಟ್ಟಿದವರಲ್ಲ."

ಅಪ್ಪ ಹೋದದ್ದು ಲಿವರಿನಿಂದಲೇ. ಜೀವಮಾನದಲ್ಲಿ ಕಾಫಿಗಿಂತ ಸ್ಟ್ರಾಂಗ್ ಆದದ್ದನ್ನು ಕುಡಿದವರಲ್ಲ. ಆದರೂ ಹದಿಮೂರನೆಯ ದಿನದ ಪಂಕ್ತಿಯಲ್ಲಿ ನೆಂಟರೊಬ್ಬರು ಹೋಳಿಗೆ ಮುರಿಯುತ್ತಾ, "ನಮಗ್ಯಾರಿಗೂ ಗೊತ್ತೇ ಆಗ್ಲಿಲ್ಲ ನೋಡಿ, ಎಷ್ಟು ಗುಟ್ಟಾಗಿಟ್ಟಿದ್ರು" ಎಂದದ್ದು ಅಮ್ಮನ ಕಿವಿಗೆ ಬಿದ್ದಿತ್ತು. ಆ ನೆಂಟರ ಮನೆಗೆ ಅವಳು ಮತ್ತೆ ಹೋಗಲಿಲ್ಲ.

ಹೊಟ್ಟೆ ಇಳಿಸಿ, ಆರು ತಿಂಗಳು ಬಿಟ್ಟು ಮತ್ತೆ ಸ್ಕ್ಯಾನ್ ಮಾಡೋಣ ಎಂದು ಡಾಕ್ಟರು ಕಳಿಸಿದರು. ಆಟೋ ಬನಶಂಕರಿ ದಾಟಿದ ಮೇಲೆ ಅಮ್ಮ, "ಒಂದ್ಸಲ ನೋಡಿದೀನಿ ಕಣೋ. ಇನ್ನೊಂದ್ಸಲ ನೋಡಕ್ಕೆ ನನ್ನ ಕೈಲಾಗಲ್ಲ" ಎಂದಳು. ನನಗೂ ಹೆದರಿಕೆಯಾಗಿತ್ತು.

ಸುಬ್ರಹ್ಮಣ್ಯಪುರದ ಮನೆಯಲ್ಲಿರುವುದು ನಾವಿಬ್ಬರೇ. ನಾನು ಮದುವೆಯಾಗಲಿಲ್ಲ, ಆ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮಾರನೆಯ ವಾರವೇ ಉತ್ತರಹಳ್ಳಿ ರಸ್ತೆಯ ಒಂದು ಜಿಮ್ಮಿಗೆ ಸೇರಿಕೊಂಡೆ. ಅದಿದ್ದದ್ದು ಬೇಕರಿಯೊಂದರ ಮೇಲಿನ ಮಹಡಿಯಲ್ಲಿ. ಕೆಳಗೆ ಪಫ್ಸ್ ಬೇಯುವ ವಾಸನೆ, ಮೇಲೆ ಬೆವರಿನ ವಾಸನೆ. ಹೀಗೆ ಜಾಗ ಹುಡುಕಿದವನ ಬುದ್ಧಿವಂತಿಕೆಗೆ ಮೆಚ್ಚಲೇಬೇಕು.

ಅಲ್ಲಿನ ಟ್ರೇನರಿಗೆ ನನ್ನ ಅರ್ಧ ವಯಸ್ಸು. ನಾನು ತಿನ್ನುವುದನ್ನೆಲ್ಲ ಕೇಳಿಸಿಕೊಂಡು, "ಸಾರ್, ನಿಮ್ದು ಬರೀ ಅನ್ನಾನೇ ಆಯ್ತು. ರಾತ್ರಿ ಊಟದ ಬದಲು ಒಂದು ಸ್ಕೂಪ್ ಪ್ರೊಟೀನ್ ಪೌಡರ್ ನೀರಲ್ಲಿ ಕಲಸ್ಕೊಂಡು ಕುಡೀರಿ. ಜೊತೆಗೆ ಕಾಳು, ತರಕಾರಿ. ಮೊದ್ಲು ಡಾಕ್ಟರನ್ನ ಒಂದ್ಮಾತು ಕೇಳ್ಬಿಡಿ" ಎಂದರು. ಡಾಕ್ಟರು ಆಗಲಿ ಎಂದರು. ಡಬ್ಬ ಬಂತು.

ಬಂದದ್ದೇನೋ ಬಂತು, ಅಡುಗೆಮನೆಗೆ ಪ್ರವೇಶ ಸಿಗಲಿಲ್ಲ. "ಮೊಟ್ಟೆಗಿಟ್ಟೆ ಇದ್ಯೇನೋ ಅದ್ರಲ್ಲಿ?" ಎಂಬ ಅಮ್ಮನ ಅನುಮಾನದಲ್ಲಿ ಡಬ್ಬ ಕೆಲವು ದಿನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತಿತ್ತು. ಹಸಿರು ಚುಕ್ಕೆ ತೋರಿಸಿದೆ. ಹಾಲು ಒಡೆಸಿದಾಗ ಉಳಿಯುವ ನೀರಿನಿಂದ ತೆಗೆದ ಪುಡಿ ಎಂದು ವಿವರಿಸಿದೆ. "ಒಡೆದ ಹಾಲಿನ ನೀರಾ? ನಾವು ಚೆಲ್ಲಿ ಕೈ ತೊಳ್ಕೋತಿದ್ವಿ" ಎಂದು ಮುಖ ಸಿಂಡರಿಸಿದಳು. ಆದರೂ ಹಾಲು ಹಾಲೇ ಎಂಬ ತೀರ್ಮಾನಕ್ಕೆ ಬಂದು ಡಬ್ಬವನ್ನು ಒಳಗೆ ಸೇರಿಸಿದಳು. ನಮ್ಮ ಎಡವಟ್ಟು ಶುರುವಾದದ್ದು ಅಲ್ಲಿಂದಲೇ.

ನಮ್ಮ ಮನೆಯಲ್ಲಿ ಊಟ ಎಂದರೆ ಅನ್ನ. ಮಿಕ್ಕದ್ದೆಲ್ಲ ಫಲಾಹಾರ, ಅದು ಊಟಕ್ಕೆ ಲೆಕ್ಕವಿಲ್ಲ. ಶನಿವಾರ ಒಪ್ಪೊತ್ತು, ಅಂದರೆ ಮಧ್ಯಾಹ್ನ ಮಾತ್ರ ಊಟ, ರಾತ್ರಿ ಉಪವಾಸ. ಉಪವಾಸದ ರಾತ್ರಿ ತುಪ್ಪ ಸುರಿದ ಉಪ್ಪಿಟ್ಟು, ಚಪಾತಿ, ಸಾಗು, ಬಾಳೆಹಣ್ಣಿನ ರಸಾಯನ. ಇಷ್ಟನ್ನೂ ತಿಂದು ಏಳುವವನನ್ನು ಅಮ್ಮ, ಪಾಪ ಹಸಿದುಕೊಂಡು ಮಲಗುತ್ತಿದ್ದಾನೆ ಎಂಬಂತೆ ನೋಡುತ್ತಾಳೆ. ಹಾಲಂತೂ ಕಟ್ಟುನಿಟ್ಟಿನ ಏಕಾದಶಿಗೂ ನಡೆಯುತ್ತದೆ. ಇನ್ನು ಹಾಲಿನ ಪುಡಿ ಯಾವ ಲೆಕ್ಕ? ಟ್ರೇನರ್ ಹೇಳಿದ "ಬದಲು" ಎಂಬ ಮಾತು ನಮ್ಮ ಹೊಸ್ತಿಲು ದಾಟಲೇ ಇಲ್ಲ. ರಾತ್ರಿ ಎಂದಿನಂತೆ ಅನ್ನ, ಹುಳಿ, ಮೊಸರು. ಅದಾದ ಮೇಲೆ ಗಟ್ಟಿ ಹಾಲಿಗೆ ಪುಡಿ ಬೆರೆಸಿ, ಸಕ್ಕರೆ ಏಲಕ್ಕಿ ಹಾಕಿದ ದೊಡ್ಡ ಲೋಟ. ಅಮ್ಮ ಕೊಟ್ಟಳು ಎಂದು ಅವಳ ಮೇಲೆ ಹೊರಿಸುವುದು ತಪ್ಪು. ಕುಡಿದ ನನಗೂ ಅದರಲ್ಲಿ ಏನೂ ವಿಚಿತ್ರ ಕಾಣಲಿಲ್ಲ. ನಾನೂ ಅದೇ ಕಾನೂನಿನಲ್ಲಿ ಬೆಳೆದವನು.

ತಿಂಗಳಾಗುವ ಹೊತ್ತಿಗೆ ಬೆಲ್ಟು ಒಂದು ತೂತು ಹೊರಗೆ ಬಂತು. ಟ್ರೇನರ್ ತೂಕ ನೋಡಿ ತಲೆ ಕೆರೆದುಕೊಂಡರು.

"ಸಾರ್, ಶನಿವಾರ ರಾತ್ರಿ ಏನ್ ತಿಂದ್ರಿ?"

"ಏನೂ ಇಲ್ಲ. ಶನಿವಾರ ಉಪವಾಸ."

"ಏನಂದ್ರೆ ಏನೂ ಇಲ್ವಾ?"

"ಉಪ್ಪಿಟ್ಟು. ಎರಡು ಚಪಾತಿ. ಆಮೇಲೆ ನಿಮ್ಮ ಪೌಡರ್ ಹಾಕಿದ ಹಾಲು."

ಅವರು ಬೆಂಚಿನ ಮೇಲೆ ಕೂತುಬಿಟ್ಟರು. "ಗುರುವೇ," ಎಂದರು, ಸಾರ್ ಅನ್ನುವುದನ್ನು ಮರೆತು. "ಪುಡಿ ಏನನ್ನೂ ಕರಗಿಸಲ್ಲ. ಅದೂ ಊಟಾನೇ."

ಮನೆಗೆ ಬಂದು ಅಮ್ಮನಿಗೆ ಅದನ್ನೇ ಹೇಳಿದೆ. ಲೋಟ ಊಟಕ್ಕೆ ಲೆಕ್ಕ, ಉಪ್ಪಿಟ್ಟು ಲೆಕ್ಕ, ರಸಾಯನವೂ ಲೆಕ್ಕ. ಹೊಟ್ಟೆಗೆ ಶನಿವಾರ ಗೊತ್ತಾಗುವುದಿಲ್ಲ. ಅವಳು, "ಊಟ ಅಂದ್ಮೇಲೆ ಊಟದ ಥರಾನೇ ಬಡಿಸ್ಬೇಕು" ಎಂದಳು.

ಅಂದು ಸಂಜೆ ತಟ್ಟೆ ಹಾಕಿದಳು. ತಟ್ಟೆಯ ನಡುವೆ ನೀರಿನಲ್ಲಿ ಕಲಸಿದ ಪುಡಿಯ ಲೋಟ, ಸುತ್ತ ಹೆಸರುಕಾಳಿನ ಉಸ್ಲಿ, ಸೌತೆಕಾಯಿ ಕೋಸಂಬರಿ. ಮುಗಿದ ಮೇಲೆ ನನ್ನ ಅಂಗೈಗೆ ಒಂದು ಸೌಟು ಮಜ್ಜಿಗೆ. "ಊಟ ಆಯ್ತು. ಏಳು, ಕೈ ತೊಳ್ಕೋ." ಮಜ್ಜಿಗೆ ಆದ ಮೇಲೆ ಮತ್ತೆ ಬಾಯಿಗೆ ಹಾಕುವುದು ನಮ್ಮ ಮನೆಯಲ್ಲಿಲ್ಲ. ಕೋಡುಬಳೆ ಡಬ್ಬ ಕಣ್ಣೆದುರಿಗಿದ್ದರೂ ಕೈ ಮುಂದಕ್ಕೆ ಹೋಗುತ್ತಿರಲಿಲ್ಲ. ಜಿಮ್ಮಿಗೆ ಆಗದ್ದನ್ನು ಒಂದು ಸೌಟು ಮಜ್ಜಿಗೆ ಮಾಡಿತು. ಶನಿವಾರ ರಾತ್ರಿ ಆ ಲೋಟಕ್ಕೂ ರಜೆ, ಒಂದು ಸೇಬು ಮಾತ್ರ. ಬೆಲ್ಟು ನಿಧಾನವಾಗಿ ಒಳಗೆ ಬಂತು.

ಎರಡನೆಯ ಸ್ಕ್ಯಾನಿನಲ್ಲಿ ಕೊಬ್ಬು ಬಹಳ ಕಡಿಮೆಯಾಗಿತ್ತು. ಹೀಗೇ ನಡೆಸಿಕೊಂಡು ಹೋಗಿ, ಹೆದರುವಂಥದ್ದೇನಿಲ್ಲ ಎಂದರು ಡಾಕ್ಟರು. ಅಮ್ಮ ಮನೆಗೆ ಬಂದವಳೇ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನನಗೂ ಎದೆಯ ಮೇಲಿನ ಭಾರ ಇಳಿದಂತಾಗಿತ್ತು. ಸಂಜೆ ತಟ್ಟೆ ಹಾಕಿ, ನಾನು ಲೋಟ ಮುಗಿಸುವವರೆಗೂ ಮಜ್ಜಿಗೆ ಸೌಟು ಹಿಡಿದು ನಿಂತೇ ಇದ್ದಳು.

"ಒಂದ್ಮಾತು ಕೇಳ್ತೀನಿ, ನಿಜ ಹೇಳ್ತೀಯಾ?"

"ಕೇಳಮ್ಮಾ."

"ನಿಮ್ಮಪ್ಪಂಗೆ ಶನಿವಾರ, ಸೋಮವಾರ ಎರಡೂ ಒಪ್ಪೊತ್ತು. ಪಾಪ ಹಸಿದಿರ್ತಾರೆ ಅಂತ ಆ ರಾತ್ರಿಗಳಲ್ಲಿ ತುಪ್ಪ ಜಾಸ್ತೀನೇ ಹಾಕ್ತಿದ್ದೆ. ಸಾಕು ಅಂದ್ರೂ ಬಿಡ್ತಿರ್ಲಿಲ್ಲ, ಇನ್ನೊಂದು ಚಪಾತಿ ಹಾಕ್ಬಿಡ್ತಿದ್ದೆ. ಅದೆಲ್ಲಾನೂ ಲೆಕ್ಕಕ್ಕೆ ಬಂದಿರತ್ತೆ, ಅಲ್ವೇನೋ?"

ಇಷ್ಟು ತಿಂಗಳಿಂದ ಅವಳು ಕೂಡುತ್ತಿದ್ದ ಲೆಕ್ಕ ಇದು ಎಂದು ಆಗ ತಿಳಿಯಿತು. ಅಪ್ಪನಿಗೆ ಯಾಕೆ ಹಾಗಾಯಿತು ಎಂದು ಯಾವ ಡಾಕ್ಟರೂ ನಮಗೆ ಬಿಡಿಸಿ ಹೇಳಿರಲಿಲ್ಲ. ನನಗೂ ಗೊತ್ತಿಲ್ಲ. ಆದರೆ ಗೊತ್ತಿಲ್ಲ ಎಂದರೆ ಅವಳಿಗೆ ಹೌದು ಎಂದಂತೆಯೇ ಕೇಳಿಸುತ್ತಿತ್ತು.

"ಫಲಾರ ಅಲ್ವೇನಮ್ಮಾ ಅದು?" ಎಂದೆ. "ಊಟಕ್ಕೆ ಲೆಕ್ಕ ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆ ಮಾತನ್ನು ನಾನು ಈಗ ನಂಬುವುದಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ನಾನು ಅಂಗೈ ಚಾಚಿದೆ. ಅವಳು ಮಜ್ಜಿಗೆ ಹಾಕಿದಳು. ಅರ್ಧ ತಟ್ಟೆಗೆ ಬಿತ್ತು. ಉಳಿದದ್ದನ್ನು ಕುಡಿದು ಎದ್ದೆ.