ಕಂಬದ ಹಿಂದಿನ ಬೆಂಚು

ಮೀರ್‌ಬೀಕ್ ಊರಿನ ಸಂತ ಲ್ಯಾಂಬರ್ಟರ ಚರ್ಚಿನಲ್ಲಿ ಡ್ರೀಕಾ ತನ್ನ ಗಂಡ ತಿನುಸನ ಪಕ್ಕ ಕೂತಿದ್ದು ಒಂದೇ ಒಂದು ದಿನ, ಅದು ಅವರ ಮದುವೆಯ ದಿನ. ಮರುವಾರದಿಂದ ಅವಳು ಎಡಗಡೆ ಹೆಂಗಸರ ಸಾಲಿಗೆ, ಅವನು ಬಲಗಡೆ ಗಂಡಸರ ಸಾಲಿಗೆ. ಹಾಗೆಯೇ ಮೂವತ್ತು ವರ್ಷದ ಮೇಲಾಯಿತು. ಇದರಲ್ಲಿ ವಿಚಿತ್ರವೇನೂ ಇರಲಿಲ್ಲ. ಇಡೀ ಊರು ಹಾಗೇ ಕೂರುತ್ತಿತ್ತು. ಮನೆಯಲ್ಲಿ ಹೇಗೂ ಜೊತೆಗೇ ಇರುತ್ತೀರಲ್ಲ, ದೇವರೆದುರಿಗಾದರೂ ಸ್ವಲ್ಪ ದೂರವಿರಿ ಎಂಬುದು ಹಿಂದಿನ ಪಾದ್ರಿಗಳ ಅಭಿಪ್ರಾಯವಾಗಿತ್ತು.

ಆ ಚರ್ಚು ಕಟ್ಟಿದ್ದೇ ಒಂದು ಹಟದಿಂದ. ಊರಿನ ಹಳೆಯ ಚರ್ಚನ್ನು ಪ್ರಾಟೆಸ್ಟೆಂಟರು ಯಾವುದೋ ಕಾಲದಲ್ಲಿ ವಶಪಡಿಸಿಕೊಂಡಿದ್ದರು. ಅವರಿದ್ದದ್ದು ನೋಟರಿಯ ಮನೆಯವರು ಮತ್ತು ಅಂಚೆಯವನ ಮನೆಯವರು, ಅಷ್ಟೇ. ಇಡೀ ಚರ್ಚಿನಲ್ಲಿ ಅವರು ಬೆಚ್ಚಗೆ ಹರಡಿಕೊಂಡು ಕೂರುತ್ತಿದ್ದರು. ಕ್ಯಾಥೊಲಿಕರಾದ ಉಳಿದ ಊರೆಲ್ಲ ತಲೆಮಾರುಗಟ್ಟಲೆ ಒಂದು ಹುಲ್ಲಿನ ಕೊಟ್ಟಿಗೆಯಲ್ಲಿ ಪೂಜೆ ಕೇಳಿತು. ಕೊನೆಗೆ ಸ್ವಂತ ಚರ್ಚು ಕಟ್ಟುವ ಕಾಲ ಬಂದಾಗ ಊರಿನವರ ಬೇಡಿಕೆ ಒಂದೇ ಇತ್ತು, ನಮ್ಮ ಗೋಪುರ ಅವರದಕ್ಕಿಂತ ಎತ್ತರ ಇರಬೇಕು. ಹಾಗೇ ಆಯಿತು. ವಾಸ್ತುಶಿಲ್ಪಿ ನಕ್ಷೆಯಲ್ಲಿ ಒಳಗೆ ತೆಳುವಾದ ಕಂಬಗಳನ್ನು ಬರೆದಿದ್ದನಂತೆ. ಆಗಿನ ಪಾದ್ರಿಗಳಿಗೆ ತೆಳುವಾದ ಯಾವುದರ ಮೇಲೂ ನಂಬಿಕೆಯಿರಲಿಲ್ಲ. ಕಂಬಗಳನ್ನು ದಪ್ಪಗೆ ಕಟ್ಟಿಸಿದರು. ಅದರಿಂದ ಚರ್ಚು ಗಟ್ಟಿಯಾಯಿತು, ಊರಿನ ಕಾಲುಭಾಗ ಜನಕ್ಕೆ ಬಲಿಪೀಠ ಕಾಣದಂತಾಯಿತು.

ಬಲಗಡೆಯ ಮೂರನೇ ಕಂಬಕ್ಕೆ ಇಟ್ಟಿಗೆ ಹೊತ್ತವರಲ್ಲಿ ತಿನುಸನ ಅಜ್ಜನೂ ಒಬ್ಬ. ಕಟ್ಟಿ ಮುಗಿದ ಮೇಲೆ ಬೆಂಚುಗಳಲ್ಲಿ ಕೂರುವ ಹಕ್ಕಿನ ಹರಾಜಾಯಿತು. ಮುಂದಿನ ಸಾಲುಗಳು ದೊಡ್ಡ ಜಮೀನಿನವರ ಪಾಲಾದವು, ಅಜ್ಜನಿಗೆ ಅವನೇ ಕಟ್ಟಿದ ಕಂಬದ ಹಿಂದೆ ಜಾಗ ಸಿಕ್ಕಿತು. ಅವನು ಸಾಯುವವರೆಗೂ ಅದನ್ನೇ ನೋಡುತ್ತ ಕೂತ. ಆಮೇಲೆ ಅವನ ಮಗ, ಆಮೇಲೆ ತಿನುಸ್.

ತಿನುಸ್ ಹಾಲಿನ ಗಾಡಿಯವನು. ನಸುಕಿಗೇ ಎದ್ದು ಕೊಟ್ಟಿಗೆ ಕೊಟ್ಟಿಗೆಯಿಂದ ಹಾಲಿನ ಕ್ಯಾನು ಎತ್ತಿ ಡೈರಿಗೆ ಮುಟ್ಟಿಸುವುದು ಅವನ ಕೆಲಸ. ಹಸುಗಳಿಗೆ ಭಾನುವಾರ ಗೊತ್ತಿಲ್ಲದ್ದರಿಂದ ಅವನಿಗೂ ರಜೆ ಇರಲಿಲ್ಲ. ಮಾತು ಕಡಿಮೆ. ಅವನ ಕುದುರೆಯೇ ಅವನಿಗಿಂತ ವಾಚಾಳಿ ಎಂದು ಡ್ರೀಕಾ ಹೇಳುತ್ತಿದ್ದಳು. ಡ್ರೀಕಾಳಿಗೆ ಮಾತಿನಲ್ಲಿ ಯಾರ ಸಾಲವೂ ಇರಲಿಲ್ಲ. ಪ್ರತಿ ಶುಕ್ರವಾರ ಅವಳು ಚರ್ಚಿನ ಹಿತ್ತಾಳೆ ದೀಪಗಳನ್ನು ಉಜ್ಜಿ, ಬೆಂಚುಗಳಿಗೆ ಮೇಣ ಹಚ್ಚಿ, ಸಂತರ ಮೂಗಿನ ಧೂಳನ್ನು ಒರೆಸಿ, ಜೊತೆಗೆ ಊರಿನ ಸುದ್ದಿಯನ್ನೂ ಒಂದು ಹದಕ್ಕೆ ತರುತ್ತಿದ್ದಳು.

ಅವಳಿಗೆ ಒಂದೇ ಒಂದು ಆಸೆಯಿತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಭಾನುವಾರ ಎದುರಿನ ಹಳೆಯ ಚರ್ಚಿನಿಂದ ನೋಟರಿ ತನ್ನ ಹೆಂಡತಿಯ ತೋಳು ಹಿಡಿದು ಹೊರಗೆ ಬರುತ್ತಿದ್ದ. ನೋಟರಿ ಕುಳ್ಳ, ಹೆಂಡತಿಗೆ ಸಿಡುಕು, ಇಬ್ಬರೂ ಪ್ರಾಟೆಸ್ಟೆಂಟರು. ಆದರೂ ಡ್ರೀಕಾ ಅವರು ಮರೆಯಾಗುವವರೆಗೂ ನೋಡುತ್ತ ನಿಲ್ಲುತ್ತಿದ್ದಳು. ತಾನೂ ಒಂದು ಭಾನುವಾರ ತಿನುಸನ ಪಕ್ಕ ಕೂರಬೇಕು, ನಾಲ್ಕು ಜನ ನೋಡಬೇಕು. ಮಕ್ಕಳಾಗದ ಹೆಂಗಸನ್ನು ಊರು ಮರುಕದಿಂದ ನೋಡುವ ಒಂದು ನೋಟವಿದೆ. ಆ ನೋಟಕ್ಕೆ ಉತ್ತರವಾಗಿ ಅವಳಿಗೆ ಪಕ್ಕದಲ್ಲಿ ಗಂಡ ಬೇಕಾಗಿತ್ತು.

ಆಗ ಚರ್ಚಿನ ಹಳೆಯ ಪದ್ಧತಿಗಳನ್ನು ಬದಲಿಸಲೆಂದು ರೋಮಿನಲ್ಲಿ ಬಿಷಪ್ಪರೆಲ್ಲ ಸಭೆ ಸೇರಿದ್ದರು. ಅದರ ಫಲವಾಗಿ ಮೀರ್‌ಬೀಕಿಗೆ ಹೊಸ ಪಾದ್ರಿ ಫಾನ್ ಹೌತೆಮ್ ಬಂದರು, ಸ್ಕೂಟರಿನಲ್ಲಿ. ಒಳ್ಳೆಯ ಮನುಷ್ಯ, ಬರೀ ಅವಸರ. ಬಣ್ಣದ ಗೋಡೆಗಳಿಗೆ ಸುಣ್ಣ ಬಳಿಸಿದರು. ಸಂತರಲ್ಲಿ ಮೂರು ಜನರನ್ನು ಬಿಟ್ಟು ಉಳಿದವರನ್ನು ಅಟ್ಟಕ್ಕೆ ಕಳಿಸಿದರು. ಬಲಿಪೀಠದ ಮುಂದಿನ ಕಬ್ಬಿಣದ ಕಟಕಟೆ ಕಿತ್ತರು. ಅದು ಒಬ್ಬ ರೈತನ ಕೋಳಿಗಳಿಗೆ ಬೇಲಿಯಾಯಿತು, ಅವನ ಕೋಳಿಗಳಿಗೆ ಊರಿನಲ್ಲಿ ಒಂದು ಬಗೆಯ ಗೌರವವೂ ಬಂತು. ಕೊನೆಗೊಂದು ಭಾನುವಾರ ಪ್ರವಚನದಲ್ಲಿ, ಇನ್ನು ಮುಂದೆ ಹರಾಜೂ ಇಲ್ಲ, ಎಡ ಬಲವೂ ಇಲ್ಲ, ಸಂಸಾರಗಳು ಒಟ್ಟಿಗೆ ಕೂರಲಿ ಎಂದರು.

ಮುಂದಿನ ವಾರ ಜನ ಹೊಸ ಗೇಟು ಕಂಡ ದನಗಳ ಹಾಗೆ ನಡುವಿನ ದಾರಿಯಲ್ಲಿ ನಿಂತುಬಿಟ್ಟರು. ಡ್ರೀಕಾ ಮಾತ್ರ ತಡಮಾಡಲಿಲ್ಲ. ತಾಯಿಯ ಕಾಲದಿಂದ ಬಂದ ತನ್ನ ಜಾಗಕ್ಕೆ ನಡೆದು, ಸ್ವಲ್ಪ ಒಳಗೆ ಸರಿದು, ಪಕ್ಕದಲ್ಲಿ ತಿನುಸನಿಗೆ ಜಾಗ ಮಾಡಿದಳು. ಅವನು ಬಂದು ಕೂತ. ಅವಳಿಗೆ ಆದ ಸಂತೋಷ ಇಷ್ಟೆಂದು ಹೇಳಲಾಗದು. ಪೂಜೆಯಲ್ಲಿ ಏನು ನಡೆಯಿತೋ ಅವಳಿಗೆ ನೆನಪಿಲ್ಲ.

ತಿನುಸ್ ಮಾತ್ರ ಬೆಂಚಿನಲ್ಲಿ ಮುಳ್ಳಿದ್ದವನ ಹಾಗೆ ಮಿಸುಕಾಡಿದ. ತಲೆ ತಿರುಗಿಸುವುದು, ಕತ್ತು ಉದ್ದ ಮಾಡುವುದು. ಸುಮ್ಮನೆ ಮುಂದೆ ನೋಡು ಎಂದು ಡ್ರೀಕಾ ಮೊಣಕೈಯಿಂದ ತಿವಿದಳು. ಅದರ ಮುಂದಿನ ವಾರವೂ ಅದೇ ಕಥೆ. ಮೂರನೆಯ ವಾರ ಅವನು ಬಾಗಿಲಲ್ಲಿ ಟೋಪಿ ತೆಗೆದು ನೇರವಾಗಿ ಬಲಕ್ಕೆ ತಿರುಗಿ ಕಂಬದ ಹಿಂದೆ ಹೋಗಿ ಕೂತ. ಡ್ರೀಕಾಳ ಪಕ್ಕದ ಜಾಗ ಪೂಜೆ ಮುಗಿಯುವ ತನಕ ಖಾಲಿ ಇತ್ತು. ಇಡೀ ಚರ್ಚು ಅದನ್ನು ನೋಡಿತು, ನೋಡದ ಹಾಗೆ ನಟಿಸಿತು.

ಆ ದಿನ ಅವಳು ಅವನ ಬಟ್ಟಲಿಗೆ ಮಜ್ಜಿಗೆ ಗಂಜಿ ಸುರಿದ ಸದ್ದಿನಲ್ಲೇ ಎಲ್ಲ ಇತ್ತು. ಬಾಯಿ ಬಿಟ್ಟು ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡಬಹುದೆಂಬ ಭಯ. ಕಟುಕನ ಹೆಂಡತಿ ಅಂಗಡಿಯಲ್ಲಿ ಸಾಸೇಜು ಕಟ್ಟುತ್ತ, ಗಂಡಸರಿಗೆ ವಯಸ್ಸಾದ ಮೇಲೆ ಕಣ್ಣು ಎಲ್ಲೆಲ್ಲೋ ಹೋಗುತ್ತದೆ, ಹಸಿರು ಹ್ಯಾಟಿನ ಫೀನ್ ಈಗ ವಿಧವೆ ಬೇರೆ ಎಂದು ಯಾರಿಗೋ ಹೇಳುವ ಹಾಗೆ ಹೇಳಿದಳು. ಫೀನ್ ಕೂರುತ್ತಿದ್ದದ್ದು ಡ್ರೀಕಾಳ ಮುಂದಿನ ಸಾಲಿನಲ್ಲಿ. ಡ್ರೀಕಾ ಸಾಸೇಜು ತೆಗೆದುಕೊಂಡು ಮನೆಗೆ ಬಂದಳು. ರಾತ್ರಿ ಅದನ್ನು ತಿನುಸನೊಬ್ಬನಿಗೇ ಬಡಿಸಿದಳು.

ಅಷ್ಟರಲ್ಲಿ ಪಾದ್ರಿಗಳು ಇನ್ನೊಂದು ತೀರ್ಮಾನ ಮಾಡಿದರು. ಕಂಬಗಳ ಹಿಂದಿನ ಬೆಂಚುಗಳಿಂದ ಏನೂ ಕಾಣುವುದಿಲ್ಲ, ಅವನ್ನು ತೆಗೆಸಿ ಅಲ್ಲಿ ಪತ್ರಿಕೆಗಳ ಕಪಾಟು ಇಡೋಣ. ಊರ ಸಭೆಯಲ್ಲಿ ಯಾರ ತಕರಾರೂ ಇರಲಿಲ್ಲ. ಆಗ ತಿನುಸ್ ಎದ್ದು ನಿಂತ. ಅವನು ಸಭೆಯಲ್ಲಿ ಎದ್ದು ನಿಂತದ್ದನ್ನು ಯಾರೂ ಯಾವತ್ತೂ ಕಂಡಿರಲಿಲ್ಲ. ಆರೋಗ್ಯ ತಪ್ಪಿತೋ ಎಂದು ಪಕ್ಕದವನು ನೀರು ತರಲು ಹೊರಟ. "ನನ್ನ ಬೆಂಚು ತೆಗೀಬೇಡಿ," ಎಂದ ತಿನುಸ್. ಯಾಕೆಂದು ಪಾದ್ರಿಗಳು ಕೇಳಿದರು. ಅವನು, ಬೆನ್ನಿಗೆ ಹಿತವಾಗಿದೆ ಎಂದು ಕೂತುಬಿಟ್ಟ. ಕಂಬ ಇರುವುದು ಮುಂದೆ, ಬೆನ್ನು ಹಿಂದೆ. ಸಭೆ ನಕ್ಕಿತು, ಶನಿವಾರ ಬಡಗಿಯನ್ನು ಕರೆಸುವುದೆಂದು ತೀರ್ಮಾನಿಸಿತು. ಡ್ರೀಕಾ ನಗಲಿಲ್ಲ. ಕಟುಕನ ಹೆಂಡತಿ ಹೇಳಿದ್ದರಲ್ಲಿ ಅವಳಿಗೆ ಇನ್ನು ಅನುಮಾನ ಉಳಿಯಲಿಲ್ಲ. ಸುಳ್ಳು ಹೇಳಲು ಬಾರದ ಗಂಡಸು ಸುಳ್ಳು ಹೇಳಿದ್ದ.

ಶುಕ್ರವಾರ ದೀಪ ಉಜ್ಜುವುದನ್ನು ಅರ್ಧಕ್ಕೆ ಬಿಟ್ಟು ಅವಳು ಗಂಡಸರ ಕಡೆಗೆ ಹೋದಳು. ಅಲ್ಲಿ ಮೇಣ ಹಚ್ಚಿದ್ದಳೇ ಹೊರತು ಯಾವತ್ತೂ ಕೂತಿರಲಿಲ್ಲ. ಫೀನಳ ಜಾಗ ಎಷ್ಟು ಚೆನ್ನಾಗಿ ಕಾಣುತ್ತದೆ ನೋಡಿಯೇ ಬಿಡೋಣ ಎಂದು ತಿನುಸನ ಜಾಗದಲ್ಲಿ ಕೂತಳು. ಮುಂದೆ ಕಂಬ. ಬಲಿಪೀಠವಿಲ್ಲ, ಪ್ರವಚನದ ಪೀಠವಿಲ್ಲ, ಉಳಿದ ಮೂವರು ಸಂತರಲ್ಲಿ ಒಬ್ಬರೂ ಇಲ್ಲ. ಈ ಕಂಬಕ್ಕೂ ಮುಂದಿನ ಕಂಬಕ್ಕೂ ನಡುವೆ ಒಂದು ಸಂದು. ಆ ಸಂದಿನಲ್ಲಿ ಹೆಂಗಸರ ಕಡೆಯ ಒಂದೇ ಜಾಗ ಕಾಣುತ್ತಿತ್ತು. ಅವಳು ಎಡಕ್ಕೆ ಬಾಗಿದಳು, ಬಲಕ್ಕೆ ಬಾಗಿದಳು. ಫೀನಳ ಬೆಂಚು ಎಲ್ಲಿಂದಲೂ ಕಾಣಲಿಲ್ಲ. ಕಂಡದ್ದು ಬೂದು ಉಣ್ಣೆಯ ಒಂದು ಮೆತ್ತೆ. ಮೊಣಕಾಲಿಗೆಂದು ಡ್ರೀಕಾ ತಾನೇ ಹೆಣೆದು ತನ್ನ ಜಾಗದಲ್ಲಿ ಇಟ್ಟಿದ್ದ ಮೆತ್ತೆ ಅದು.

ಅವಳು ಅಲ್ಲಿ ಬಹಳ ಹೊತ್ತು ಕೂತಿದ್ದಳು. ಆ ವಾರ ಅರ್ಧ ದೀಪಗಳು ಮಂಕಾಗಿಯೇ ಉಳಿದವು.

ಸಂಜೆ ಆಲೂಗಡ್ಡೆ ಸುಲಿಯುತ್ತ, ತಲೆಯೆತ್ತದೆ ಕೇಳಿದಳು.

"ತಿನುಸ್, ಆ ಕಂಬದ ಹಿಂದೆ ಕೂತ್ರೆ ಏನ್ ಕಾಣುತ್ತೆ ನಿನಗೆ?"

"ಕಂಬ."

"ಕಂಬದ ಪಕ್ಕ?"

ತಿನುಸ್ ಬೂಟು ಬಿಚ್ಚುತ್ತಿದ್ದ. ಒಂದನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಕೈಹಾಕಿದ.

"ನಿನ್ನ ಬಲಗಿವಿ ಕಾಣುತ್ತೆ. ಒಂದಿಷ್ಟು ಕೆನ್ನೆ. ಮದ್ವೆಗೆ ಮುಂಚಿಂದ್ಲೂ ಅಷ್ಟೇ," ಎಂದ. "ಪಕ್ಕದಲ್ಲಿ ಕೂತ್ರೆ ಏನೂ ಕಾಣಲ್ಲ. ತಿರುಗಿ ನೋಡಿದ್ರೆ ನೀನು ತಿವೀತೀಯ."

ಡ್ರೀಕಾ ಆಲೂಗಡ್ಡೆ ಸುಲಿದಳು. ಅದು ಸುಲಿದು ಸುಲಿದು ಗೋಲಿಯಷ್ಟಾಯಿತು.

ಮರುದಿನ ಬೆಳಿಗ್ಗೆ ಬಡಗಿ ಗರಗಸ ಹಿಡಿದು ಚರ್ಚಿಗೆ ಬರುವ ಹೊತ್ತಿಗೆ ಡ್ರೀಕಾ ಆ ಬೆಂಚಿನ ಮುಂದೆ ನಿಂತಿದ್ದಳು. ಇದೊಂದನ್ನು ಮುಟ್ಟಬೇಡಿ ಎಂದಳು. ಪಾದ್ರಿ ಫಾನ್ ಹೌತೆಮರನ್ನು ಕರೆಸಬೇಕಾಯಿತು. ಅವರಿಗೆ ನಿಜಕ್ಕೂ ಆಶ್ಚರ್ಯ. ಒಟ್ಟಿಗೆ ಕೂರಲು ಊರಿನಲ್ಲಿ ಎಲ್ಲರಿಗಿಂತ ಮೊದಲು ಓಡಿಬಂದವಳೇ ಇವಳು. ತಾವೇ ಹೋಗಿ ತಿನುಸನ ಜಾಗದಲ್ಲಿ ಕೂತರು, ಕತ್ತು ಆ ಕಡೆ ಈ ಕಡೆ ಆಡಿಸಿ ನೋಡಿದರು.

"ಡ್ರೀಕಾ, ಇಲ್ಲಿ ಬಲಿಪೀಠ ಕಾಣಲ್ಲ, ನಾನೂ ಕಾಣಲ್ಲ. ಇಲ್ಲಿಂದ ಒಬ್ಬ ಮನುಷ್ಯನಿಗೆ ಕಾಣೋದಾದ್ರೂ ಏನು, ನೀವೇ ಹೇಳಿ," ಎಂದು ಕೇಳಿದರು.

ಡ್ರೀಕಾಳ ಮುಖ ಕೂದಲ ಬುಡದವರೆಗೂ ಕೆಂಪಾಯಿತು. ಬಡಗಿ ಬೇರೆ ನಿಂತು ಕೇಳುತ್ತಿದ್ದ.

"ನಾನು, ಪಾದ್ರಿಗಳೇ," ಎಂದಳು.