ಒಂದೇ ಹೊಲದ ಚೀಲಗಳು

ಬಾಡಿಗೆ ಮನೆ ಕೇಳಲು ಹೋದಾಗ ಶರಣಪ್ಪನವರ ಕೈಯಲ್ಲಿ ಈಟಿಯಿತ್ತು. ಮೈಸೂರಿನಲ್ಲಿ ಮಾಲೀಕರು ಮಾಂಸ ತಿನ್ನುತ್ತೀರಾ ಎಂದು ಕೇಳುತ್ತಾರೆಯೇ ಹೊರತು ಆಯುಧ ಹಿಡಿಯುವುದಿಲ್ಲ. ಅದು ಚೀಲಕ್ಕೆ ಚುಚ್ಚಿ ಹಿಡಿ ಭತ್ತ ಹೊರತೆಗೆಯುವ ಟೊಳ್ಳು ಕೊಳವೆಯೆಂದೂ, ಅವರಿಗೆ ಮಾನ್ವಿ ರಸ್ತೆಯಲ್ಲಿ ಅಕ್ಕಿ ಗಿರಣಿ ಇದೆಯೆಂದೂ ತಿಳಿಯುವ ಹೊತ್ತಿಗೆ ನಾನು ರಾಯಚೂರಿನ ನಿವಾಸಿಯಾಗಿದ್ದೆ.

ಮೈಸೂರಿನಲ್ಲಿ ಒಗ್ಗರಣೆಯೆಂದರೆ ಸಾರಿನ ಮೇಲಿನ ಸಾಸಿವೆ. ಇಲ್ಲಿ ವಗ್ಗರಣಿಯೆಂದರೆ ತಟ್ಟೆ ತುಂಬ ಮಂಡಾಳು, ಅಂದರೆ ನಮ್ಮ ಕಡಲೆಪುರಿ, ಪಕ್ಕಕ್ಕೊಂದು ಮಿರ್ಚಿ ಬಜ್ಜಿ. ಮೊದಲ ಬೇಸಿಗೆಗೆ ನಾಲಿಗೆ ಮರಗಟ್ಟಿತು, ಆಮೇಲೆ ಉಳಿದದ್ದೂ. ದುಃಖವೇನೂ ಇರಲಿಲ್ಲ. ಏನೂ ಇರಲಿಲ್ಲ.

ಕಾಲೇಜಿನಲ್ಲಿ ನನ್ನ ಕೆಲಸ, ಬ್ಯಾಟರಿಯನ್ನು ಕಂಪ್ಯೂಟರಿನೊಳಗೆ ಕಾಯಿಸುವುದು. ಪ್ರಯೋಗಾಲಯದ ನಿಜವಾದ ಬ್ಯಾಟರಿ ಒಂದು ಮೂಲೆಯಲ್ಲಿ ಮಾತ್ರ ಸುಡುತ್ತಿತ್ತು. ಕಂಪ್ಯೂಟರಿನಲ್ಲಿದ್ದ ನನ್ನ ಮಾದರಿ ಎಲ್ಲ ಕಡೆ ಸಮನಾಗಿ, ಸಜ್ಜನಿಕೆಯಿಂದ ಬಿಸಿಯಾಗುತ್ತಿತ್ತು. ಒಳಗಿನ ಪುಡಿಯ ಪದರ ಎಲ್ಲೆಡೆ ಒಂದೇ ಗುಣದ್ದಲ್ಲವೆಂದು ಗೊತ್ತಿತ್ತು. ಹಾಗಾಗಿ ಬಿಂದುಬಿಂದುವಿಗೂ ದಾಳ ಎಸೆದಂತೆ ಬೇರೆ ಬೇರೆ ಅಂಕಿ ಕೊಟ್ಟಿದ್ದೆ. ಫಲವಿಲ್ಲ. ಮಾರ್ಚಿನೊಳಗೆ ಎರಡೂ ಹೊಂದದಿದ್ದರೆ ಹುದ್ದೆ ಮುಗಿದು ನಾನು ಮೈಸೂರಿಗೆ ವಾಪಸು.

ನಲ್ಲಿ ಕೆಟ್ಟಿದೆಯೆಂದು ಹೇಳಲು ಒಂದು ದಿನ ಗಿರಣಿಗೆ ಹೋದೆ. ದೇವದುರ್ಗದ ಹಮಾಲ ಹುಸೇನಪ್ಪ ಲಾರಿಯ ಹಿಂಬದಿಯ ಚೀಲಗಳನ್ನಷ್ಟೇ ಬೇರೆ ಒಟ್ಟುತ್ತಿದ್ದ.

“ಮೂರು ಚುಚ್ಚಿ ನೋಡೀನಿ, ಹಸಿ ಅದಾವ,” ಅಂದರು ಶರಣಪ್ಪ.

“ಉಳಿದವನ್ನು ನೋಡಲೇ ಇಲ್ಲವಲ್ಲ?”

“ಒಂದ ಹೊಲದ್ದು ಒಂದ ಕಡಿ ಕುಂತಿರ್ತಾವ ಮೇಡಮ್ಮೋರ. ಬಾಜೂದು ಹಸಿ ಇದ್ರ ಇದೂ ಹಸೀನ.”

“ಹಸಿಯದು, ಒಣಗಿದ್ದು ಎಲ್ಲ ಕಲಸಿಬಿಟ್ಟರೆ?”

ಹುಸೇನಪ್ಪ ನಕ್ಕ. “ಎಲ್ಲಿ ಚುಚ್ಚಿದ್ರೂ ಒಂದ ನಮೂನಿ ಕಾಣತದ್ರಿ. ಹಂಗ ಕಲಸಿ ತಂದೋರ್ನ ಸಾವ್ಕಾರ್ರು ಗೇಟಿಗೇ ಬಿಟ್ಕೊಳ್ಳಂಗಿಲ್ಲ. ನೀವೇನು ಕಲಸ್ತೀರೇನ್ರಿ?”

ಎರಡು ವರ್ಷದಿಂದ ಕಲಸುತ್ತಿದ್ದೆ. ಬಿಂದುಬಿಂದುವಿಗೂ ಬೇರೆ ದಾಳ ಎಸೆದು, ಕೆಟ್ಟದ್ದರ ಪಕ್ಕ ಒಳ್ಳೆಯದನ್ನು ಕೂರಿಸಿ, ಒಂದರಿಂದೊಂದನ್ನು ಅಳಿಸಿಹಾಕಿದ್ದೆ. ನೆರೆಹೊರೆಯ ಬಿಂದುಗಳಿಗೆ ಹತ್ತಿರ ಹತ್ತಿರದ ಗುಣ ಕೊಟ್ಟು, ಹೊಲಹೊಲವಾಗಿ ಹಂಚಿ, ಮಾದರಿಯನ್ನು ಹಲವು ಸಲ ಓಡಿಸಿದೆ. ಪ್ರತಿ ಸಲವೂ ಎಲ್ಲೋ ಒಂದು ಕಡೆ ಸುಟ್ಟಿತು, ನಿಜವಾದದ್ದರಷ್ಟೇ.

ಹುದ್ದೆ ಮುಂದುವರಿಯಿತು. ಸಂತೋಷವಿರಬೇಕಾದ ಜಾಗವನ್ನು ಮುಟ್ಟಿ ನೋಡಿಕೊಂಡೆ, ತಣ್ಣಗಿತ್ತು.

ಮೈಸೂರಿನಲ್ಲಿ ಅಕ್ಕ ನನ್ನ ಕೋಣೆಗೆ ಸುಣ್ಣ ಹೊಡೆಸಿ ಕಾದಿದ್ದಳು. ಬರುವುದಿಲ್ಲವೆಂದು ಫೋನಿನಲ್ಲಿ ಹೇಳಿದೆ.

“ಅಳ್ತಿದೀಯೇನೇ?”

“ಇಲ್ಲ, ಮಿರ್ಚಿ ತಿಂತಿದೀನಿ.”

ಎರಡೂ ನಿಜವಿರಬಹುದು. ಎರಡು ಊರುಗಳ ಸರಾಸರಿ ತೆಗೆದರೆ ನಾನು ಹಿರಿಯೂರಿನ ಆಚೆ ಯಾವುದೋ ಹೊಲದಲ್ಲಿ ನಿಂತಿರಬೇಕು. ಬಸ್ಸು ಅಲ್ಲಿ ಹಾದುಹೋಗುವಾಗ ಪ್ರತಿ ಸಲ ಕಿಟಕಿಯಿಂದ ನೋಡುತ್ತೇನೆ. ಯಾರೂ ಇರುವುದಿಲ್ಲ.