ಹಿತ್ತಾಳೆ ಫಿಲ್ಟರಿನ ಕಹಿ

ಜ್ವರ ಬಿಟ್ಟ ಮೇಲೆ ನಮ್ಮತ್ತೆಗೆ ವಾಸನೆಯೂ ಹೋಯಿತು, ರುಚಿಯೂ ಹೋಯಿತು. ಉಪ್ಪಿನಕಾಯಿಯೂ ಒಂದೇ, ಮೊಸರೂ ಒಂದೇ. ಕಾಫಿಯನ್ನು ಮಾತ್ರ ಬಿಡಲಿಲ್ಲ; ಬೆಳಿಗ್ಗೆ ಎದ್ದು ಕಷಾಯದ ಹಾಗೆ ಕುಡಿದು ಲೋಟ ಇಡುತ್ತಿದ್ದರು. ಹೇಗಿದೆ ಎಂದು ಕೇಳಿದರೆ, "ಬಿಸಿ ಇದೆ" ಅನ್ನುತ್ತಿದ್ದರು. ಮಲ್ಲೇಶ್ವರದಲ್ಲೇ ಹುಟ್ಟಿ, ಹುರಿದ ಬೀಜದ ಘಮದಲ್ಲೇ ಬೆಳೆದವರು ಹಾಗನ್ನುವುದನ್ನು ಕೇಳಿ ನನಗೆ ಸಂಕಟವಾಗುತ್ತಿತ್ತು.

ಆಗ ನಮ್ಮ ಮನೆಯಲ್ಲಿದ್ದದ್ದು ಕರೆಂಟಿನ ಕಾಫಿ ಮೆಷಿನ್. ಗುಂಡಿ ಒತ್ತಿದರೆ ಡಿಕಾಕ್ಷನ್ ಸರ್ರನೆ ಇಳಿಯುತ್ತಿತ್ತು. ಅದು ಕೆಟ್ಟು ರಿಪೇರಿಗೆ ಹೋದಾಗ, ಮಹಡಿ ಮನೆಯಲ್ಲಿದ್ದ ನಿವೃತ್ತ ಟೀಚರ್ ತಮ್ಮ ಹಿತ್ತಾಳೆ ಫಿಲ್ಟರ್ ತಂದುಕೊಟ್ಟರು.

"ಪುಡಿ ಹಾಕಿ ಮೆಲ್ಲಗೆ ಒತ್ತು, ಜಾಸ್ತಿ ಬೇಡ. ಆಮೇಲೆ ಅದರ ಪಾಡಿಗೆ ಬಿಟ್ಬಿಡಮ್ಮ."

ಅದೇ ಪುಡಿ, ಅದೇ ಹಾಲು. ನಾನು ಸ್ನಾನ, ಪೂಜೆ ಮುಗಿಸಿ ಬಂದರೂ ಡಿಕಾಕ್ಷನ್ ಇನ್ನೂ ತೊಟ್ಟಿಕ್ಕುತ್ತಲೇ ಇತ್ತು. ಬಗ್ಗಿಸಿದರೆ ಲೋಟದ ಅಂಚಿಗೆ ಕಪ್ಪಗೆ ಅಂಟಿಕೊಂಡಿತು.

ಅತ್ತೆ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಬಾಯಿ ಸುಟ್ಟಿತೇನೋ ಅಂದುಕೊಂಡೆ.

"ಚಿಕೋರಿ ಜಾಸ್ತಿ ಆಗಿದೆ," ಅಂದರು.

"ಅಮ್ಮ, ನಿಮ್ಗೆ ಗೊತ್ತಾಗ್ತಿದ್ಯಾ?"

"ಕಹಿ ಗೊತ್ತಾಗ್ತಿದೆ ಕಣೆ. ನಾಲಿಗೆ ಹಿಂದುಗಡೆ ನಿಂತಿದೆ."

ನನಗೆ ನಂಬಿಕೆ ಬರಲಿಲ್ಲ. ಮೆಷಿನ್ ರಿಪೇರಿಯಾಗಿ ಬಂದ ದಿನ, ಏನೂ ಹೇಳದೆ ಅದರ ಕಾಫಿ ಕೊಟ್ಟೆ. ಅತ್ತೆ ಅರ್ಧ ಕುಡಿದು, "ಇದ್ರಲ್ಲಿ ಏನೂ ಇಲ್ಲ," ಎಂದು ಲೋಟ ಸರಿಸಿದರು. ಮರುದಿನ ಮತ್ತೆ ಹಿತ್ತಾಳೆ ಫಿಲ್ಟರಿನದು ಕೊಟ್ಟೆ. ಪೂರ್ತಿ ಕುಡಿದು ಇನ್ನರ್ಧ ಲೋಟ ಕೇಳಿದರು.

ಅವತ್ತು ಫಿಲ್ಟರ್ ತೊಳೆದು, ಮೇಲಿನ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ತಳದ ತುಂಬ ಸೂಜಿಮೊನೆಯಷ್ಟು ತೂತುಗಳು. ಒಂದೊಂದರಲ್ಲೂ ಬೆಳಗಿನ ಬಿಸಿಲು ಮಿನುಗುತ್ತಿತ್ತು. ನೀರು ಇಷ್ಟು ಸಣ್ಣ ದಾರಿಯಲ್ಲಿ ನುಸುಳಬೇಕಾದರೆ ಪುಡಿಯ ಜೊತೆ ಎಷ್ಟು ಹೊತ್ತು ಕೂತಿರಬೇಕು, ಏನೇನು ಹೊತ್ತು ತರಬೇಕು! ಇಷ್ಟು ವರ್ಷ ಕಾಫಿ ಮಾಡಿಯೂ ನಾನು ಅದನ್ನು ಯೋಚಿಸಿರಲಿಲ್ಲ.

ಡಾಕ್ಟರಿಗೆ ಹೇಳಿದೆ. "ರುಚಿ ವಾಪಸ್ ಬರೋ ಕಾಲಕ್ಕೆ ಗಟ್ಟಿ ಡಿಕಾಕ್ಷನ್ ಸಿಕ್ಕಿರ್ಬೇಕು. ಒಳ್ಳೇದೇ ಆಯ್ತು," ಎಂದು ನಕ್ಕರು. ಅವರು ಹೇಳಿದ್ದು ಸರಿಯೇ ಇರಬಹುದು. ನನ್ನ ಬೆರಗೇನೂ ಕಡಿಮೆಯಾಗಲಿಲ್ಲ.

ಟೀಚರಿಗೆ ಅವರ ಫಿಲ್ಟರನ್ನು ವಾಪಸ್ ಕೊಟ್ಟು, ಅಂಥದ್ದೇ ಒಂದನ್ನು ಚಾಮರಾಜಪೇಟೆಯ ಪಾತ್ರೆ ಅಂಗಡಿಯಲ್ಲಿ ಹುಡುಕಿ ತಂದೆ. ಅತ್ತೆಯ ನಾಲಿಗೆಗೆ ಕಹಿಯ ಹಿಂದೆಯೇ ಸಿಹಿ ಬಂತು, ಆಮೇಲೆ ಹುಳಿ. ವಾಸನೆ ಎಲ್ಲಕ್ಕಿಂತ ತಡವಾಗಿ ಬಂತು. ಒಂದು ಬೆಳಿಗ್ಗೆ ನಾನು ಬಾಗಿಲಲ್ಲಿ ರಂಗೋಲಿ ಹಾಕುತ್ತಿದ್ದಾಗ ಒಳಗಿನಿಂದ ಅತ್ತೆ ಕೂಗಿದರು:

"ಹಾಲು ಸೀಯ್ತಿದೆ ನೋಡೇ."

ನಾನು ಓಡಲಿಲ್ಲ. ಕೈಯಲ್ಲಿ ರಂಗೋಲಿ ಪುಡಿ ಹಿಡಿದು ಅಲ್ಲೇ ಒಂದು ಕ್ಷಣ ನಿಂತೆ.